ಹಳೆಯ ತಂಪು ಕನ್ನಡಕ: ಸಂಗ್ರಹಕ್ಕೆ ಸರಿ, ಕಣ್ಣಿಗೆ?

1965ರಲ್ಲಿ ಫ್ರಾನ್ಸಿನ ವಸ್ತ್ರವಿನ್ಯಾಸಕ ಆಂದ್ರೆ ಕುರೆಜ್ ಬಿಳಿ ಪ್ಲಾಸ್ಟಿಕ್ಕಿನ ಕನ್ನಡಕವೊಂದನ್ನು ರೂಪಿಸಿದರು. ನೋಡಲು ಅದರಲ್ಲಿದ್ದುದು ಕಿರಿದಾದ ಅಡ್ಡಸೀಳು ಮಾತ್ರ. ಅಂತರಿಕ್ಷಯುಗದ ಸೃಷ್ಟಿಯೆಂದು ಹೆಸರಾದ ಈ ಕಲ್ಪನೆ ನಿಜಕ್ಕೂ ಬಹು ಹಳೆಯದು. ಉತ್ತರಧ್ರುವ ಪ್ರದೇಶದ ಇನುಯಿಟ್ ಜನರು ಮರ, ಮೂಳೆಗಳಲ್ಲಿ ಸೀಳು ಕೊರೆದು, ಹಿಮದ ಪ್ರಖರ ಬೆಳಕಿನಿಂದ ಕಣ್ಣನ್ನು ಕಾಪಾಡಿಕೊಳ್ಳುತ್ತಿದ್ದರು. ಸೀಳು ಬೆಳಕನ್ನೂ ಅತಿನೇರಳೆ ಕಿರಣಗಳನ್ನೂ ಒಟ್ಟಿಗೇ ತಗ್ಗಿಸುತ್ತದೆ.

ಬಣ್ಣದ ಗಾಜಿನ ಕತೆ ಬೇರೆ. ಇಂಥ ಹಳೆಯ ಕನ್ನಡಕಗಳನ್ನು ಕಲೆಹಾಕುವ ಹವ್ಯಾಸಿಗಳು ಕೆಲವೊಮ್ಮೆ ಅವನ್ನು ಧರಿಸುವುದೂ ಉಂಟು. ಗಾಜು ಕಪ್ಪಾಗಿದ್ದರೆ ಕಣ್ಣುಪಾಪೆ ಹಿಗ್ಗುತ್ತದೆ. ಪಾಪೆಯ ವ್ಯಾಸ 2 ಮಿಮೀನಿಂದ 4 ಮಿಮೀಗೆ ಏರಿತೆನ್ನಿ, ವಿಸ್ತೀರ್ಣ ನಾಲ್ಕು ಪಟ್ಟಾಯಿತು. ಗಾಜು ಅತಿನೇರಳೆಯನ್ನು ತಡೆಯದಿದ್ದರೆ, ಬರಿಗಣ್ಣಿಗಿಂತ ಹೆಚ್ಚು ಕಿರಣಗಳು ಪಾಪೆಯ ಹಿಂದಿನ ಮಸೂರವನ್ನು ತಲಪುತ್ತವೆ. ಕಣ್ಣಿನ ಪೊರೆಗೆ ಇದೂ ಒಂದು ಕಾರಣ. ಪಾಲಿಕಾರ್ಬೊನೇಟ್ ಸುಮಾರು 380 ನ್ಯಾನೊಮೀಟರ್‌ವರೆಗಿನ ಅತಿನೇರಳೆಯನ್ನು ತಾನೇ ಹೀರುತ್ತದೆ. ಸಾದಾ ಅಕ್ರಿಲಿಕ್ ಹಾಗಲ್ಲ. ಬಣ್ಣ ನೋಡಿ ಇದನ್ನು ಹೇಳಲಾಗದು.

ತರಗತಿಯಲ್ಲಿ ಪರೀಕ್ಷಿಸಬಹುದು. ಖೋಟಾನೋಟು ಪತ್ತೆಗೆ ಬಳಸುವ 365 ನ್ಯಾನೊಮೀಟರ್ ದೀಪವನ್ನು ನೋಟಿನ ಮೇಲೆ ಹಿಡಿಯಿರಿ, ಸಂಖ್ಯೆಗಳು ಹೊಳೆಯುತ್ತವೆ. ನಡುವೆ ಕನ್ನಡಕದ ಗಾಜನ್ನು ತನ್ನಿ. ಹೊಳಪು ಉಳಿದರೆ ಆ ಕನ್ನಡಕ ಕಪಾಟಿಗಷ್ಟೇ ಲಾಯಕ್ಕು. ಮಂಕಾದರೂ ಪೂರ್ಣ ಭರವಸೆಯಿಲ್ಲ, ಪರೀಕ್ಷೆ ನಡೆದದ್ದು ಒಂದೇ ತರಂಗದೂರಕ್ಕೆ. ದೀಪವನ್ನು ಮಾತ್ರ ನೇರವಾಗಿ ನೋಡಬಾರದು.

ಕಪಾಟಿನಲ್ಲೂ ಎಚ್ಚರ ಬೇಕು. ಸೆಲ್ಯುಲೋಸ್ ಅಸಿಟೇಟ್ ಚೌಕಟ್ಟಿನಿಂದ ವಿನೆಗರ್ ವಾಸನೆ ಬಂದರೆ ಅದು ವಿಘಟನೆಯಾಗುತ್ತಿದೆ ಎಂದರ್ಥ. ಹೊಮ್ಮುವ ಆಮ್ಲ ಪಕ್ಕದವನ್ನೂ ಕೆಡಿಸುವುದರಿಂದ ಅಂಥದ್ದನ್ನು ಗಾಳಿಯಾಡುವ, ತಂಪಾದ ಕಡೆ ಬೇರೆಯಾಗಿಡಬೇಕು.