ಬಾಲ್ಯವೇ ಹಣೆಬರಹವಲ್ಲ

ಗಿಡವಾಗಿ ಬಗ್ಗದ್ದು ಮರವಾಗಿ ಬಗ್ಗೀತೇ ಎನ್ನುತ್ತೇವೆ. ಮನುಷ್ಯರು ಬಗ್ಗುತ್ತಾರೆ ಎನ್ನುವುದಕ್ಕೆ ಹವಾಯಿಯ ಕವಾಯಿ ದ್ವೀಪದಲ್ಲಿ ಸಾಕ್ಷ್ಯವಿದೆ. ಅಲ್ಲಿ 1955ರಲ್ಲಿ ಹುಟ್ಟಿದ 698 ಮಕ್ಕಳನ್ನು ಸಂಶೋಧಕರಾದ ಎಮ್ಮಿ ವರ್ನರ್ ಮತ್ತು ರೂತ್ ಸ್ಮಿತ್ ನಡುವಯಸ್ಸಿನವರೆಗೂ ಗಮನಿಸುತ್ತ ಹೋದರು. ಸುಮಾರು ಮೂರನೇ ಒಂದು ಭಾಗದ ಮಕ್ಕಳದು ಕಷ್ಟದ ಬಾಲ್ಯ: ಬಡತನ, ಹೆರಿಗೆಯ ತೊಂದರೆ, ಹೆತ್ತವರ ಕುಡಿತ, ಮನೆಯೊಳಗಿನ ಜಗಳ. ಆದರೂ ಅವರಲ್ಲಿ ಮೂವರಿಗೊಬ್ಬರು ಆತ್ಮವಿಶ್ವಾಸದಿಂದ, ಅಕ್ಕರೆಯಿಂದ ಬದುಕುವವರಾಗಿ ಬೆಳೆದರು. ಅಂಥವರಿಗೆ ಅಪ್ಪ ಅಮ್ಮನೇ ಅಲ್ಲದಿದ್ದರೂ ಅಜ್ಜಿಯೋ ಮೇಷ್ಟ್ರೋ ನೆರೆಯವರೋ, ನೆಚ್ಚಿಕೊಳ್ಳಬಹುದಾದ ಒಬ್ಬ ಹಿರಿಯರಾದರೂ ಇದ್ದರು.

ಹಾಗಾದರೆ ಉಳಿದ ಇಬ್ಬರು? ಬಾಲ್ಯದ ಪೆಟ್ಟು ಸುಳ್ಳೇ? ಖಂಡಿತ ಅಲ್ಲ, ಅವರು ಹದಿಹರೆಯದ ಹೊತ್ತಿಗೆ ಕಲಿಕೆಯಲ್ಲೋ ನಡವಳಿಕೆಯಲ್ಲೋ ತೊಂದರೆಗೆ ಸಿಕ್ಕಿದ್ದರು. ಅಧ್ಯಯನ ಅಲ್ಲಿಗೇ ನಿಂತಿದ್ದರೆ ನಾವು ತಪ್ಪು ತೀರ್ಮಾನಕ್ಕೆ ಬರುತ್ತಿದ್ದೆವು. 40ರ ಹೊತ್ತಿಗೆ ಅವರಲ್ಲೂ ಬಹುಪಾಲು ಜನ ಚೇತರಿಸಿಕೊಂಡಿದ್ದರು. ಮತ್ತೆ ಹಿಡಿದ ಓದು, ಸೇನೆಯ ಕೆಲಸ, ಆಸರೆಯಾದ ಸಂಗಾತಿ ಇವೆಲ್ಲ ದಾರಿ ತೋರಿಸಿದ್ದವು. ಒಂದು ಚಿಕ್ಕ ದ್ವೀಪದ ಫಲಿತಾಂಶ ಎಲ್ಲರಿಗೂ ಅಳತೆಗೋಲಾಗದು, ನಿಜ. ಆದರೆ ಹತ್ತನೇ ತರಗತಿಯ ಹುಡುಗನಿಗೆ ‘ಇವನು ಇಷ್ಟೇ’ ಎಂದು ಷರಾ ಬರೆಯುವ ಹಕ್ಕು ಇದಾದ ಮೇಲೆ ಯಾರಿಗೂ ಉಳಿಯುವುದಿಲ್ಲ. ನಿಮ್ಮ ಓಣಿಯಲ್ಲಿ ಅಂಥ ಹುಡುಗನಿದ್ದರೆ, ಅವನು ನೆಚ್ಚಿಕೊಳ್ಳುವ ಹಿರಿಯರು ನೀವಾಗಿ.