ಜುಮ್ ಅನ್ನುವ ಪ್ಯಾನೆಲ್ಲು, ಬಾಯಿ ಬಿಟ್ಟ ಎರೆ ನೆಲ

ಸವದತ್ತಿ ಸೀಮೆಯ ಸಿರಸಂಗಿಯಲ್ಲಿ ನಮ್ಮ ಸೋದರಮಾವನ ಮಾಳಿಗೆಯ ಮೇಲೆ ಆರು ಸೋಲಾರ್ ಪ್ಯಾನೆಲ್ಲು ಕೂತು ಒಂದು ವರ್ಷವಾಗಿರಬೇಕು. ಬ್ಯಾಸಗಿಯಲ್ಲಿ ಹೋದಾಗ ಅವರು ಧೂಳು ಒರೆಸಲು ಮೇಲೆ ಹತ್ತಿದ್ದರು. ಬರಿಗಾಲು, ಕೈಯಲ್ಲಿ ಹಸಿ ಅರಿವೆ. ಪ್ಯಾನೆಲ್ಲಿನ ಅಂಚಿನ ಅಲ್ಯೂಮಿನಿಯಂ ಪಟ್ಟಿಗೆ ಬೆರಳು ತಾಗಿದ್ದೇ ತಡ, ಕೈ ಹಿಂದಕ್ಕೆ ಎಳೆದುಕೊಂಡರು. "ಮುಟ್ಟಿದ್ರ ಜುಮ್ ಅಂತೈತಿ ನೋಡಪಾ." ಪ್ಯಾನೆಲ್ ಕೂಡಿಸಿದ ಹುಡುಗನಿಗೆ ಅಲ್ಲಿಂದಲೇ ಫೋನ್ ಹಚ್ಚಿದರು. ಸ್ಪೀಕರಿನಲ್ಲಿ ನನಗೂ ಕೇಳಿಸಿತು: "ಅದು ಸ್ಟ್ಯಾಟಿಕ್ ರೀ ಕಾಕಾರ, ಏನೂ ಆಗೂದಿಲ್ಲ." ಮಾವ ಫೋನ್ ಕಿಸೆಗೆ ಇಳಿಸಿ, "ಏನೂ ಆಗೂದಿಲ್ಲಂದ್ರ ಮತ್ತ್ಯಾಕ ಹೊಡೀತೈತಿ?" ಎಂದರು.

ಹುಡುಗನ ಉತ್ತರಕ್ಕಿಂತ ಮಾವನ ಪ್ರಶ್ನೆಯಲ್ಲಿ ಹೆಚ್ಚು ವಿಜ್ಞಾನವಿತ್ತು.

ಸ್ಟ್ಯಾಟಿಕ್ ಎಂದರೆ ನಿಂತ ವಿದ್ಯುತ್ತು. ಎರಡು ವಸ್ತುಗಳು ಒಂದಕ್ಕೊಂದು ತಿಕ್ಕಿದಾಗ ಒಂದರ ಮೈಮೇಲಿನ ಇಲೆಕ್ಟ್ರಾನುಗಳು ಇನ್ನೊಂದಕ್ಕೆ ಹತ್ತಿಕೊಳ್ಳುತ್ತವೆ. ಹರಿದು ಹೋಗಲು ದಾರಿ ಸಿಗದೆ ಅಲ್ಲೇ ಉಳಿಯುತ್ತವೆ. ಡಿಸೆಂಬರಿನ ಒಣ ಚಳಿಯಲ್ಲಿ, ಕತ್ತಲೆ ಕೋಣೆಯಲ್ಲಿ ಕಂಬಳಿ ಕೊಡವಿದವರಿಗೆ ಇದನ್ನು ವಿವರಿಸಬೇಕಿಲ್ಲ. ಚಟಪಟ ಸದ್ದು, ನೀಲಿ ಕಿಡಿ, ಕೈಮೇಲಿನ ಕೂದಲು ನೆಟ್ಟಗೆ. ಆಗ ನಮ್ಮ ಮೈಮೇಲೆ ಐದು ಸಾವಿರ ವೋಲ್ಟ್ ಇದ್ದರೂ ಇರಬಹುದು. ಅಷ್ಟು ವೋಲ್ಟೇಜಿಗೆ ನಾವು ಸಾಯುವುದಿಲ್ಲವೇಕೆ? ಕೂಡಿಟ್ಟ ಸರಕು ತೀರ ಕಡಿಮೆ. ನಮ್ಮ ಮೈ ಹಿಡಿದಿಟ್ಟುಕೊಳ್ಳಬಲ್ಲ ಚಾರ್ಜಿನ ಲೆಕ್ಕ ಹಾಕಿದರೆ ಅದರಲ್ಲಿರುವ ಶಕ್ತಿ ಒಂದು ಮಿಲಿಜೌಲಿಗಿಂತ ತುಸು ಹೆಚ್ಚು. ಒಂದು ಶೇಂಗಾ ಕಾಳು ಗೇಣೆತ್ತರದಿಂದ ನೆಲಕ್ಕೆ ಬಿದ್ದಾಗ ಸಿಗುವ ಶಕ್ತಿಯೂ ಹೆಚ್ಚುಕಡಿಮೆ ಇಷ್ಟೇ.

ಒಂದು ಕಿಡಿಯಲ್ಲಿ ಈ ಸರಕು ಖಾಲಿ. ಮರುಕ್ಷಣ ಅದೇ ಜಾಗ ಮುಟ್ಟಿದರೆ ಏನೂ ಇರುವುದಿಲ್ಲ. ಮತ್ತೆ ತಿಕ್ಕಿದರಷ್ಟೇ ಮತ್ತೆ ಹುಟ್ಟಬೇಕು. ಮಾವನ ಪ್ಯಾನೆಲ್ಲು ಹಾಗಿರಲಿಲ್ಲ. ಮುಟ್ಟಿದಷ್ಟು ಸಲವೂ ಜುಮ್, ಮುಟ್ಟಿಕೊಂಡಿದ್ದಷ್ಟು ಹೊತ್ತೂ ಜುಮ್. ಹೊತ್ತು ಮುಳುಗಿದ ಮೇಲೆ ಇಲ್ಲ. ತೀರದೆ ಬರುತ್ತಲೇ ಇರುವುದಕ್ಕೆ ನಿಂತ ವಿದ್ಯುತ್ತು ಎನ್ನಲಾಗದು. ಅದಕ್ಕೆ ಎಲ್ಲೋ ಒಂದು ಊಟೆ ಇದೆ.

ಊಟೆ ಇದ್ದದ್ದು ಕೆಳಗೆ ಗೋಡೆಯ ಮೇಲಿನ ಇನ್ವರ್ಟರಿನಲ್ಲಿ. ಪ್ಯಾನೆಲ್ಲಿನ ಕರೆಂಟು ಡಿಸಿ. ಅದನ್ನು ಇನ್ವರ್ಟರು ಏಸಿ ಮಾಡಿ ಮನೆಗೂ ಲೈನಿಗೂ ಕೊಡುತ್ತದೆ. ಹಿಂದಿನ ಇನ್ವರ್ಟರುಗಳಲ್ಲಿ ಎರಡು ಕಡೆಯನ್ನೂ ಬೇರೆಬೇರೆಯಾಗಿಡುವ ಭಾರದ ಟ್ರಾನ್ಸ್‌ಫಾರ್ಮರ್ ಇರುತ್ತಿತ್ತು. ಈಗ ಮನೆಗಳಿಗೆ ಬರುವ ಹೆಚ್ಚಿನವುಗಳಲ್ಲಿ ಅದಿಲ್ಲ; ಹಗುರ, ಅಗ್ಗ, ದಕ್ಷತೆಯೂ ಜಾಸ್ತಿ. ಆದರೆ ಅದಿಲ್ಲದ ಮೇಲೆ ಲೈನಿನ ಏಸಿ ಹಿಂದಕ್ಕೆ ಡಿಸಿ ತಂತಿಗಳಲ್ಲೂ ಮಿಡಿಯುತ್ತದೆ. ಎಷ್ಟೋ ಇನ್ವರ್ಟರುಗಳಲ್ಲಿ ಪ್ಯಾನೆಲ್ಲಿನ ಸೆಲ್ಲುಗಳೆಲ್ಲ ನೆಲಕ್ಕೆ ಹೋಲಿಸಿದರೆ ನೂರು ಚಿಲ್ಲರೆ ವೋಲ್ಟ್ ಏಸಿಯಲ್ಲಿ ಮೇಲೆ ಕೆಳಗೆ ತೂಗುತ್ತಿರುತ್ತವೆ. ಸೆಲ್ಲು ಒಂದು ತಗಡು, ಸುತ್ತಲಿನ ಚೌಕಟ್ಟು ಇನ್ನೊಂದು ತಗಡು, ನಡುವೆ ಗಾಜು. ಇದು ಕೆಪಾಸಿಟರೇ ಅಲ್ಲವೆ? ಫ್ಯಾನಿನ ಕೆಪಾಸಿಟರಿನೊಳಗೆ ಏಸಿ ಹೇಗೆ ದಾಟಿ ಹೋಗುತ್ತದೋ ಇಲ್ಲೂ ಹಾಗೆಯೇ ಗಾಜು ದಾಟಿ ಚೌಕಟ್ಟಿಗೆ ಬರುತ್ತದೆ. ಚೌಕಟ್ಟಿಗೆ ಸರಿಯಾದ ಅರ್ಥಿಂಗ್ ಇದ್ದರೆ ಆ ಸೋರಿಕೆ ಹಸಿರು ತಂತಿಯಲ್ಲಿ ಸುಮ್ಮನೆ ಇಳಿದು ಹೋಗುತ್ತದೆ, ಯಾರಿಗೂ ಗೊತ್ತಾಗುವುದಿಲ್ಲ. ಇಲ್ಲದಿದ್ದರೆ ಬರಿಗಾಲಿನ ಮನುಷ್ಯನೇ ಹಸಿರು ತಂತಿ.

ಅಂದರೆ ಆ ಜುಮ್ಮೆನ್ನುವಿಕೆ ಪ್ಯಾನೆಲ್ಲಿನ ಸ್ವಭಾವವಲ್ಲ, ಅರ್ಥಿಂಗ್ ಕಡಿದುಹೋಗಿದೆ ಎಂಬ ಸುದ್ದಿ. ಸುಮಾರು ಒಂದು ಮಿಲಿಆಂಪಿಯರಿಗೆ ಮನುಷ್ಯನಿಗೆ ಅದು ಗೊತ್ತಾಗುತ್ತದೆ, ಹತ್ತರ ಸುಮಾರಿಗೆ ಹಿಡಿದ ಕೈ ಬಿಡಿಸಿಕೊಳ್ಳಲು ಆಗದು, ಮೂವತ್ತು ದಾಟಿದರೆ ಎದೆಗೆ ಅಪಾಯ. ಇವತ್ತು ಒಂದೆರಡು ಮಿಲಿಆಂಪಿಯರ್ ಇರುವಲ್ಲಿ ನಾಳೆ ಒಂದು ಕೇಬಲ್ಲಿನ ತೊಗಟೆ ಬಿಸಿಲಿಗೆ ಸೀಳಿದರೆ ಆರು ಪ್ಯಾನೆಲ್ಲು ಸೇರಿದ ಮುನ್ನೂರು ವೋಲ್ಟ್ ಡಿಸಿ ಅದೇ ಚೌಕಟ್ಟಿಗೆ ಬಂದು ಕೂರುತ್ತದೆ.

ಹಾಗಂತ ಪ್ಯಾನೆಲ್ಲಿಗೂ ಸ್ಟ್ಯಾಟಿಕ್ಕಿಗೂ ಸಂಬಂಧವೇ ಇಲ್ಲ ಎಂದಲ್ಲ. 2005ರ ಸುಮಾರಿಗೆ ಅಮೆರಿಕದ ಸನ್‌ಪವರ್ ಕಂಪನಿಯ ಎಂಜಿನಿಯರುಗಳಿಗೆ ಒಂದು ಒಗಟು ಎದುರಾಯಿತು. ಒಳ್ಳೆಯ ಪ್ಯಾನೆಲ್ಲುಗಳು ಹೆಚ್ಚು ವೋಲ್ಟೇಜಿನ ಸಾಲಿನಲ್ಲಿ ಕೂತ ಮೇಲೆ ಕಾರಣವಿಲ್ಲದೆ ಸೊರಗುತ್ತಿದ್ದವು. ಹುಡುಕಿದಾಗ ಸಿಕ್ಕಿದ್ದು ನಿಂತ ವಿದ್ಯುತ್ತು: ಗಾಜಿನ ಮೂಲಕ ನೆಲಕ್ಕೆ ಸೋರುವ ಅತಿ ಸಣ್ಣ ಕರೆಂಟಿನಿಂದಾಗಿ ಸೆಲ್ಲಿನ ಮುಖದ ಮೇಲೆ ಋಣ ಚಾರ್ಜು ಕೂಡಿಕೊಂಡು, ಒಳಗೆ ಹುಟ್ಟುವ ಕರೆಂಟನ್ನು ಹಾಳು ಮಾಡುತ್ತಿತ್ತು. ಸಾಲಿನ ಧನ ತುದಿಯನ್ನು ಅರ್ಥ್ ಮಾಡಿದ ಕೂಡಲೇ ಪ್ಯಾನೆಲ್ಲುಗಳು ಚೇತರಿಸಿಕೊಂಡವು. ಇನ್ನೊಂದು ಕಥೆ ಧೂಳಿನದು. 2022ರಲ್ಲಿ ಎಂಐಟಿಯ ಶ್ರೀದತ್ ಪನತ್ ಮತ್ತು ಕೃಪಾ ವಾರಣಾಸಿ ಅವರು ಧೂಳಿನ ಕಣಕ್ಕೇ ಚಾರ್ಜು ತುಂಬಿ, ನೀರಿಲ್ಲದೆ ಅದು ತಾನಾಗಿ ಗಾಜಿನಿಂದ ಹಾರಿ ಹೋಗುವಂತೆ ಮಾಡಿ ತೋರಿಸಿದರು. ಕುಡಿಯುವ ನೀರಿಗೇ ಕೊಡ ಸಾಲು ಹಚ್ಚುವ ಸೀಮೆಗೆ ಇದು ಬೇಗ ಬರಲಿ.

ಈಗ ಅರ್ಥಿಂಗಿಗೆ ಬರೋಣ. ನೆಲ ಎಂಥ ಕರೆಂಟನ್ನೂ ನುಂಗುತ್ತದೆ ಎಂಬ ನಂಬಿಕೆ ಊರೂರಲ್ಲಿದೆ. ಅದು ಅರ್ಧ ನಿಜ. ಕರೆಂಟು ಎಲ್ಲಿ ಹುಟ್ಟಿತೋ ಅಲ್ಲಿಗೆ ಮರಳಲು ಹೊರಟಿರುತ್ತದೆ, ನೆಲ ನಡುವಿನ ಕಾಲುದಾರಿ. ಮನೆಯ ಅರ್ಥ್ ಗುಂಡಿ ಐದು ಓಮ್, ಟ್ರಾನ್ಸ್‌ಫಾರ್ಮರಿನದು ಐದು ಓಮ್ ಎಂದಿಟ್ಟುಕೊಳ್ಳಿ, ಎರಡೂ ಒಳ್ಳೆಯವೇ. ಮೋಟರಿನ ಮೈಗೆ 230 ವೋಲ್ಟಿನ ಫೇಸು ತಗುಲಿದರೆ ಹರಿಯುವುದು 23 ಆಂಪಿಯರ್. 32 ಆಂಪಿಯರಿನ ಎಂಸಿಬಿ ಅದನ್ನು ಗುರುತಿಸುವುದೂ ಇಲ್ಲ, ಬೀಳುವುದೂ ಇಲ್ಲ. ಮೋಟರಿನ ಮೈ ನೂರು ವೋಲ್ಟಿಗಿಂತ ಮೇಲೆ ನಿಂತೇ ಇರುತ್ತದೆ. ಆದ್ದರಿಂದ ಗುಂಡಿ ತೋಡಿಸಿದ ಮೇಲೂ 30 ಮಿಲಿಆಂಪಿಯರಿನ ಆರ್‌ಸಿಸಿಬಿ ಬೇಕೇ ಬೇಕು. ಅದು ಹೋದ ಕರೆಂಟು, ಬಂದ ಕರೆಂಟು ಎರಡನ್ನೂ ತಾಳೆ ನೋಡಿ ವ್ಯತ್ಯಾಸ ಕಂಡರೆ ಕಡಿಯುತ್ತದೆ.

ಪ್ಯಾನೆಲ್ಲಿನ ಕಡೆ ಇನ್ನೂ ಪೇಚು. ಪ್ಯಾನೆಲ್ಲು ಸರಿಯಾಗಿ ದುಡಿಯುವಾಗ 13 ಆಂಪಿಯರ್ ಕೊಟ್ಟರೆ ಪೂರ್ತಿ ಶಾರ್ಟ್ ಆದಾಗ 14 ಕೊಡುತ್ತದೆ, ಅಷ್ಟೇ. ಯಾವ ಫ್ಯೂಸು ಇದನ್ನು ಗುರುತಿಸೀತು? ಮೇನ್ ಆರಿಸಿದರೂ ಬಿಸಿಲಿರುವ ತನಕ ಮಾಳಿಗೆಯ ಮೇಲಿನ ತಂತಿ ಜೀವಂತ. ಇದಕ್ಕೇ ಒಳ್ಳೆಯ ಇನ್ವರ್ಟರುಗಳು ದಿನಾ ಬೆಳಿಗ್ಗೆ ಕೆಲಸ ಶುರು ಮಾಡುವ ಮುಂಚೆ ತಂತಿಗೂ ನೆಲಕ್ಕೂ ಎಲ್ಲಿಯಾದರೂ ನಂಟು ಬೆಳೆದಿದೆಯೇ ಎಂದು ನೋಡಿಕೊಳ್ಳುತ್ತವೆ. ಇಬ್ಬನಿ ಬಿದ್ದ ಮುಂಜಾನೆ, ಜಿಟಿಜಿಟಿ ಮಳೆಯಲ್ಲಿ ಕೆಂಪು ದೀಪ ತೋರಿಸಿ ಮುನಿಸಿಕೊಂಡು ಕೂರುವುದೂ ಇದಕ್ಕೇ. ಬಿಸಿಲೇರಿದ ಮೇಲೆ ಸರಿಹೋದರೂ ಅಸಡ್ಡೆ ಬೇಡ. ನೀರು ಇಳಿಯುವ ಜಾಗ ಒಂದು ಎಲ್ಲೋ ಇದೆ.

ಗುಂಡಿಯ ಮಾತಿಗೆ ಬಂದರೆ ಸವದತ್ತಿ ಸೀಮೆಯ ನೆಲ ಒಂದು ಪಾಠಶಾಲೆ. ಮಲಪ್ರಭೆಯ ಬಯಲಿಗೆ ಇಳಿದರೆ ಕಪ್ಪು ಎರೆ. ಯಲ್ಲಮ್ಮನ ಗುಡ್ಡ, ನವಿಲುತೀರ್ಥದ ಕಡೆ ಹೋದರೆ ಉಳಿ ಇಳಿಯದ ಗಟ್ಟಿ ಮರಳುಗಲ್ಲು. ಹಸಿ ಎರೆ ಮಣ್ಣಿನ ವಿದ್ಯುತ್ ತಡೆ ಹತ್ತು ಓಮ್-ಮೀಟರಿನ ಆಸುಪಾಸು, ಒಣ ಕಲ್ಲಿನದು ಸಾವಿರ ದಾಟುತ್ತದೆ. ಮೂರು ಮೀಟರಿನ ಅದೇ ಪೈಪು ಎರೆಯಲ್ಲಿ ಇಳಿಸಿದರೆ ಸಿಗುವುದು ಮೂರು ಓಮ್, ಕಲ್ಲಿನಲ್ಲಿ ಮುನ್ನೂರರ ಹತ್ತಿರ. ಎರಡೂ ಕಡೆಯ ಬಿಲ್ಲಿನಲ್ಲಿ ಮಾತ್ರ ಬರೆದದ್ದು ಒಂದೇ: ಅರ್ಥ್ ಪಿಟ್, ಒಂದು.

ಎರೆಯವರು ಬೀಗಬೇಕಿಲ್ಲ. ಎರೆಯ ಜೇಡಿ ಕಣಗಳು ನೀರು ಕುಡಿದು ಉಬ್ಬುತ್ತವೆ, ಒಣಗಿ ಕುಗ್ಗುತ್ತವೆ. ಚೈತ್ರ ವೈಶಾಖದಲ್ಲಿ ಕೈ ಇಳಿಯುವಷ್ಟು ಬಿರುಕು ಬಿಟ್ಟ ಹೊಲ ನೋಡಿದವರಿಗೆ ಇದು ಗೊತ್ತು. ನೆಲದೊಳಗಿನ ಪೈಪಿನ ಸುತ್ತಲೂ ಇದೇ ಆಗುತ್ತದೆ. ಮಣ್ಣು ಪೈಪನ್ನು ಬಿಟ್ಟು ಹಿಂದೆ ಸರಿಯುತ್ತದೆ, ನಡುವೆ ಗಾಳಿ. ಮಳೆಗಾಲದಲ್ಲಿ ಮೂರು ಓಮ್ ತೋರಿಸಿದ ಗುಂಡಿ ಬ್ಯಾಸಗಿಯಲ್ಲಿ ಹಲವು ಪಟ್ಟು ಏರಿರುತ್ತದೆ. ಗುಡುಗು ಸಿಡಿಲಿನ ಅಡ್ಡಮಳೆ ಬರುವುದೋ, ನೆಲ ಬಾಯಿ ಬಿಟ್ಟುಕೊಂಡಿರುವ ಆ ಹೊತ್ತಿಗೇ. ಅರ್ಥ್ ಗುಂಡಿಗೆ ಕೊಡ ನೀರು ಸುರಿಯುವ ಹಳೆಯ ರೂಢಿ ಮೌಢ್ಯವಲ್ಲ. ಇದ್ದಿಲು, ಉಪ್ಪು ತುಂಬುವುದಕ್ಕೂ ಅರ್ಥವಿದೆ, ಆದರೆ ಉಪ್ಪು ಕೆಲವೇ ವರ್ಷಗಳಲ್ಲಿ ಕಬ್ಬಿಣದ ಪೈಪನ್ನೇ ತಿನ್ನುತ್ತದೆ. ಅದಕ್ಕೆಂದು ಈಗ ಪ್ಯಾಟಿಯಿಂದ ಬೆಂಟೊನೈಟ್ ಚೀಲ ತಂದು ಸುರಿಯುತ್ತಾರೆ. ಬೆಂಟೊನೈಟ್ ಅಂದರೇನು? ಮಾಂಟ್ಮೊರಿಲೊನೈಟ್ ಎಂಬ ಜೇಡಿ ಖನಿಜ. ನಮ್ಮ ಎರೆಯನ್ನು ಉಬ್ಬಿಸಿ ಕುಗ್ಗಿಸುವುದೂ ಅದೇ ಕುಲದ ಜೇಡಿ. ರೊಕ್ಕ ಕೊಟ್ಟು ತಂದ ಮಣ್ಣೂ ನೀರಿಲ್ಲದಿದ್ದರೆ ಹೊಲದ ಮಣ್ಣಿನ ಹಾಗೆಯೇ ಬಿರಿಯುತ್ತದೆ. ಖರೇ ಉಪಾಯ ಆಳ: ಬಿರುಕು ಮುಟ್ಟದ, ವರ್ಷವಿಡೀ ಹಸಿ ಇರುವ ಪದರಕ್ಕೆ ರಾಡು ಇಳಿಯಬೇಕು. ಗುಡ್ಡದ ಕಡೆಯವರಿಗೆ ಆಳ ಸಿಗದು. ಅವರು ಒಂದಕ್ಕೆ ನಾಲ್ಕು ರಾಡು ಹಾಕಿ, ಅಡ್ಡಕ್ಕೆ ಉದ್ದನೆಯ ಪಟ್ಟಿ ಹೂಳಿ, ಎಲ್ಲವನ್ನೂ ಜೋಡಿಸಬೇಕು.

ಈ ಜೋಡಿಸುವ ವಿಷಯದಲ್ಲೇ ಹೆಚ್ಚು ತಪ್ಪುಗಳು. ಸೋಲಾರ್ ಮನೆಗೆ ಸಾಮಾನ್ಯವಾಗಿ ಮೂರು ಗುಂಡಿ: ಏಸಿಗೊಂದು, ಡಿಸಿಗೊಂದು, ಸಿಡಿಲು ಕಂಬಿಗೊಂದು. ಮೂರನ್ನೂ ಬೇರೆಬೇರೆಯಾಗಿಯೇ ಬಿಟ್ಟರೆ ಸುರಕ್ಷಿತ ಎಂದು ಎಷ್ಟೋ ಮಿಸ್ತ್ರಿಗಳ ನಂಬಿಕೆ. ಲೆಕ್ಕ ಹಾಕಿ. ಸಿಡಿಲಿನ ಕರೆಂಟು ಇಪ್ಪತ್ತು ಮೂವತ್ತು ಸಾವಿರ ಆಂಪಿಯರ್. ಇಪ್ಪತ್ತು ಸಾವಿರವೇ ಐದು ಓಮಿನ ಗುಂಡಿಗೆ ಇಳಿದರೂ ಆ ಗುಂಡಿ ಒಂದು ಲಕ್ಷ ವೋಲ್ಟಿಗೆ ಏರುತ್ತದೆ. ಹತ್ತು ಹೆಜ್ಜೆ ಆಚೆಯ ಏಸಿ ಗುಂಡಿ ಮಾತ್ರ ಕೆಳಗೇ ಉಳಿಯಿತು. ಎರಡರ ನಡುವಿನ ಅಂತರ ಎಲ್ಲಿ ಹಾರಿ ತೀರಬೇಕು? ಎರಡೂ ತಂತಿಗಳು ಸೇರುವ ಇನ್ವರ್ಟರಿನ ಹೊಟ್ಟೆಯಲ್ಲಿ. ಮೂರನ್ನೂ ನೆಲದೊಳಗೆ ದಪ್ಪ ಪಟ್ಟಿಯಿಂದ ಬೆಸೆದರೆ ಎಲ್ಲವೂ ಒಟ್ಟಿಗೆ ಏರಿ ಒಟ್ಟಿಗೆ ಇಳಿಯುತ್ತವೆ. ಅಂತರವಿಲ್ಲದಲ್ಲಿ ಹೊಡೆತವಿಲ್ಲ. ಸಿಡಿಲಿನ ಹೊತ್ತಿಗೆ ಮರದಡಿ ನಿಂತ ಎತ್ತು ಸಾಯುವುದೂ ಇದೇ ಅಂತರದಿಂದ. ಮುಂಗಾಲು ಹಿಂಗಾಲಿನ ನಡುವಿನ ನೆಲದಲ್ಲೇ ಸಾವಿರಾರು ವೋಲ್ಟಿನ ವ್ಯತ್ಯಾಸ. ದೇವರ ಗುಡಿಯ ಕಳಶ ಊರನ್ನು ಸಿಡಿಲಿನಿಂದ ಕಾಯುತ್ತದೆ ಎಂದು ವಾಟ್ಸಾಪಿನಲ್ಲಿ ಓದಿದ್ದೇನೆ. ಕಳಶದಿಂದ ನೆಲದವರೆಗೆ ಲೋಹದ ದಾರಿ ಇಲ್ಲದಿದ್ದರೆ ಆ ಕೆಲಸ ಅದರಿಂದಾಗದು, ಶಿಖರದ ಕಲ್ಲೇ ಸಿಡಿಯುತ್ತದೆ.

ಸಿಡಿಲು ನೇರ ಬೀಳಬೇಕೆಂದೇನಿಲ್ಲ. ಪ್ಯಾನೆಲ್ಲಿನ ಪ್ಲಸ್ ತಂತಿ ಒಂದು ಬದಿಯಿಂದ, ಮೈನಸ್ ಇನ್ನೊಂದು ಬದಿಯಿಂದ ಬಂದಿದ್ದರೆ ನಡುವೆ ದೊಡ್ಡ ಕುಣಿಕೆಯಾಗುತ್ತದೆ. ಆ ಕುಣಿಕೆ ಹತ್ತು ಚದರ ಮೀಟರಿದ್ದರೆ, ನೂರು ಮೀಟರ್ ದೂರದಲ್ಲಿ ಬಿದ್ದ ಸಿಡಿಲು ಅದರಲ್ಲಿ ಸಾವಿರದ ಆಸುಪಾಸು ವೋಲ್ಟ್ ಹುಟ್ಟಿಸಬಲ್ಲದು. ಎರಡು ತಂತಿಗಳನ್ನೂ ಒತ್ತೊತ್ತಾಗಿ ಎಳೆದರೆ ಮುಗಿಯಿತು; ಇದಕ್ಕೆ ಖರ್ಚಿಲ್ಲ. ಸಿಡಿಲು ಕಂಬಿಯಿಂದ ಇಳಿಯುವ ಪಟ್ಟಿ ನೆಟ್ಟಗಿರಲಿ. ಉಳಿದದ್ದನ್ನು ಚಂದಗೆ ಸುರುಳಿ ಸುತ್ತಿ ಗೋಡೆಗೆ ನೇತು ಹಾಕಿದ್ದನ್ನು ನಾನು ಕಂಡಿದ್ದೇನೆ. ಮೈಕ್ರೊಸೆಕೆಂಡಿನಲ್ಲಿ ಏರುವ ಕರೆಂಟಿಗೆ ಸುರುಳಿ ಎಂದರೆ ಮುಚ್ಚಿದ ಬಾಗಿಲು.

ಮಾವನ ಮಾಳಿಗೆಗೆ ಮರಳುತ್ತೇನೆ. ಮರುದಿನ ಊರಿನ ಎಲೆಕ್ಟ್ರಿಷಿಯನ್ ಒಬ್ಬರನ್ನು ಕರೆಸಿದೆವು. ಮೀಟರು ಹಿಡಿದರು: ಚೌಕಟ್ಟಿಗೂ ಅರ್ಥ್ ತಂತಿಗೂ ನಡುವೆ ತೊಂಬತ್ತರ ಸುಮಾರು ವೋಲ್ಟ್. ಹಸಿರು ತಂತಿ ಇತ್ತು, ನಟ್ಟೂ ಬಿಗಿಯಾಗಿತ್ತು, ಕೆಳಗೆ ಗುಂಡಿಯೂ ಸರಿಯಾಗಿತ್ತು. ತಪ್ಪಿದ್ದು ಕೂದಲೆಳೆಯಷ್ಟೂ ದಪ್ಪವಿಲ್ಲದ ಒಂದು ಪೊರೆಯಲ್ಲಿ. ಪ್ಯಾನೆಲ್ಲಿನ ಅಲ್ಯೂಮಿನಿಯಂ ಪಟ್ಟಿ ಕಿಲುಬದಿರಲೆಂದು ಕಾರ್ಖಾನೆಯಲ್ಲಿ ಅದರ ಮೇಲೆ ಆಕ್ಸೈಡಿನ ಪದರ ಬೆಳೆಸುತ್ತಾರೆ, ಅದು ಕರೆಂಟು ಬಿಡದು. ಹುಡುಗ ಅದರ ಮೇಲೆಯೇ ಲಗ್ಗು ಕೂಡಿಸಿದ್ದ. ಅದೂ ಬರಿ ತಾಮ್ರದ್ದು. ತಾಮ್ರ ಅಲ್ಯೂಮಿನಿಯಂ ಒತ್ತಿ ಕೂತು ನೀರು ತಾಗಿದರೆ ಅಲ್ಯೂಮಿನಿಯಂ ಕೊರೆದು ಹೋಗುತ್ತದೆ. ಲಗ್ಗಿಗೆ ತವರದ ಲೇಪ ಬೇಕು. ಕಮ್ಮಾರ, ಕಂಚುಗಾರ, ಅಕ್ಕಸಾಲಿಗರೆಲ್ಲ ಕುಲದೇವತೆ ಎಂದು ನಡೆದುಕೊಳ್ಳುವ ಕಾಳಿಕಾದೇವಿಯ ಊರಿನಲ್ಲಿ ಲೋಹಕ್ಕೆ ಲೋಹ ಕೂಡದ ಸಂಗತಿ ಯಾರಿಗೂ ಹೊಳೆಯಲಿಲ್ಲವಲ್ಲ ಎಂದು ಮಾವ ನಕ್ಕರು. ಎಲೆಕ್ಟ್ರಿಷಿಯನ್ ಹಲ್ಲಿನ ವಾಷರು ಹಾಕಿ, ಪದರ ಕೊರೆಯುವಂತೆ ಬಿಗಿದರು. ಮೀಟರು ಸೊನ್ನೆಗೆ ಇಳಿಯಿತು. ವಾಷರಿನ ಬೆಲೆ ಒಂದು ಚಹಾಕ್ಕಿಂತ ಕಡಿಮೆ.

2024ರಲ್ಲಿ ಬಂದ ಪಿಎಂ ಸೂರ್ಯ ಘರ್ ಯೋಜನೆಯಲ್ಲಿ ಮೂರು ಕಿಲೊವ್ಯಾಟಿಗೆ 78,000 ರೂಪಾಯಿ ಸಹಾಯಧನ ಸಿಗುವುದರಿಂದ ಹಳ್ಳಿಯ ಮಾಳಿಗೆಗಳೂ ನೀಲಿಯಾಗುತ್ತಿವೆ. ಹಾಕಿಸಿಕೊಂಡವರು, ಹಾಕಿಸುವವರು ಕೆಲಸಗಾರನನ್ನು ಒಂದು ಮಾತು ಕೇಳಿ: ಗುಂಡಿ ಎಷ್ಟು ಓಮ್? ಮೀಟರು ಹಿಡಿದು ತೋರಿಸಲಿ, ಅಂಕಿಯನ್ನು ತಾರೀಖಿನ ಸಮೇತ ಇನ್ವರ್ಟರಿನ ಪಕ್ಕದ ಗೋಡೆಗೆ ಬರೆಯಲಿ. ಬ್ಯಾಸಗಿಯಲ್ಲಿ, ಭರಣಿ ಮಳೆಗೆ ಮುಂಚೆ, ಇನ್ನೊಮ್ಮೆ ಅಳೆಸಿ. ಅಲ್ಲಿಯವರೆಗೆ ಯಾರಾದರೂ "ಸ್ಟ್ಯಾಟಿಕ್, ಏನೂ ಆಗೂದಿಲ್ಲ" ಎಂದರೆ ಪ್ಯಾನೆಲ್ ಮುಟ್ಟಬೇಡಿ.