ಶೂ ಡಬ್ಬಿಗಿಂತ ಚಿಕ್ಕ ಉಪಗ್ರಹ, ಅರವತ್ತು ವರ್ಷ ಹಳೆಯ ಪ್ರಶ್ನೆ

ನಾವು ಜೀವಕೋಶ, ಬ್ಯಾಕ್ಟೀರಿಯಾ ಅಂತ ಮಾತಾಡೋರು. ಇವತ್ತು ಮಾತ್ರ ಭೂಮಿಯಿಂದ ಕೆಲವು ನೂರು ಕಿಲೋಮೀಟರ್ ಮೇಲೆ ಹೋಗೋಣ. ವಿಷಯ, ವಿಶ್ವವಿದ್ಯಾಲಯಗಳಲ್ಲಿ ವಿದ್ಯಾರ್ಥಿಗಳು ಕಟ್ಟುವ ಪುಟ್ಟ ಉಪಗ್ರಹಗಳು. ಇವು ಬರೀ ಕಲಿಕೆಗೆ ಮಾಡಿದ ಆಟಿಕೆಗಳಾ, ಇಲ್ಲ ನಿಜವಾದ ವಿಜ್ಞಾನವೂ ಇವುಗಳಿಂದ ಆಗುತ್ತಾ?

ಮೊದಲು ಇದು ಎಲ್ಲಿಂದ ಬಂತು ಅಂತ ನೋಡೋಣ. ದೊಡ್ಡ ಉಪಗ್ರಹವೊಂದು ಕಾಗದದಿಂದ ಕಕ್ಷೆಗೆ ಹೋಗಲು ಹತ್ತು ವರ್ಷ ಹಿಡಿದರೂ ಆಶ್ಚರ್ಯವಿಲ್ಲ. ಆದರೆ ಸ್ನಾತಕೋತ್ತರ ವಿದ್ಯಾರ್ಥಿ ಕ್ಯಾಂಪಸ್ಸಿನಲ್ಲಿ ಇರೋದು ಎರಡೋ ಮೂರೋ ವರ್ಷ. ತಾನು ವಿನ್ಯಾಸ ಮಾಡಿದ್ದು ಹಾರುವುದನ್ನು ಅವನು ನೋಡೋದು ಯಾವಾಗ? 1999ರಲ್ಲಿ ಕ್ಯಾಲಿಫೋರ್ನಿಯಾದ ಇಬ್ಬರು ಪ್ರಾಧ್ಯಾಪಕರು, ಕ್ಯಾಲ್ ಪಾಲಿಯ ಜೋರ್ಡಿ ಪುಯಿಗ್-ಸುವಾರಿ ಮತ್ತು ಸ್ಟ್ಯಾನ್‌ಫರ್ಡ್‌ನ ಬಾಬ್ ಟ್ವಿಗ್ಸ್, ಇದಕ್ಕೊಂದು ಉತ್ತರ ಹುಡುಕಿದರು. ಹತ್ತು ಸೆಂಟಿಮೀಟರ್ ಉದ್ದ, ಅಗಲ, ಎತ್ತರದ ಒಂದು ಘನ, ತೂಕ ಸುಮಾರು 1 ಕಿಲೋ. ಹೆಸರು ಕ್ಯೂಬ್‌ಸ್ಯಾಟ್. ಜಾಗ ಸಾಲದಿದ್ದರೆ ಎರಡು, ಮೂರು ಘನಗಳನ್ನು ಒಂದರ ಮೇಲೊಂದು ಜೋಡಿಸಬಹುದು.

ಇಲ್ಲಿನ ಜಾಣತನ ಗಾತ್ರಕ್ಕಿಂತ ಹೆಚ್ಚಾಗಿ ಅಳತೆಯ ಶಿಸ್ತಿನಲ್ಲಿದೆ. ಎಲ್ಲ ಉಪಗ್ರಹಗಳೂ ಒಂದೇ ಅಳತೆ ಅಂದ್ಮೇಲೆ ಅವುಗಳನ್ನು ಸ್ಪ್ರಿಂಗ್ ಇರುವ ಒಂದೇ ಥರದ ಪೆಟ್ಟಿಗೆಯಲ್ಲಿಟ್ಟು ರಾಕೆಟ್ಟಿಗೆ ಬಿಗಿಯಬಹುದು. ಕಕ್ಷೆ ಸಿಕ್ಕಾಗ ಬಾಗಿಲು ತೆರೆಯುತ್ತೆ, ಸ್ಪ್ರಿಂಗ್ ಹೊರಗೆ ತಳ್ಳುತ್ತೆ. ದೊಡ್ಡ ಉಪಗ್ರಹದ ಜೊತೆ ಉಳಿದ ಜಾಗದಲ್ಲಿ ಪ್ರಯಾಣ. 2003ರ ಜೂನ್‌ನಲ್ಲಿ ರಷ್ಯಾದ ಪ್ಲೆಸೆಟ್ಸ್ಕ್‌ನಿಂದ ಮೊದಲ ಕ್ಯೂಬ್‌ಸ್ಯಾಟ್‌ಗಳು ಹಾಗೇ ಹೊರಟವು.

ಒಳಗಿನ ಕೆಲಸವೂ ಸ್ವಾರಸ್ಯವಾಗಿದೆ. ಎಷ್ಟೋ ತಂಡಗಳು ಆಂಟೆನಾಕ್ಕೆ ಬಳಸೋದು ಬಡಗಿಗಳ ಅಳತೆಯ ಸ್ಟೀಲ್ ಟೇಪನ್ನು! ಅದನ್ನು ಮಡಚಿ ನೈಲಾನ್ ದಾರದಿಂದ ಕಟ್ಟಿರ್ತಾರೆ. ಕಕ್ಷೆಗೆ ಹೋದ ಮೇಲೆ ಸಣ್ಣ ರೆಸಿಸ್ಟರ್ ಬಿಸಿಯಾಗಿ ದಾರ ಸುಡುತ್ತೆ, ಟೇಪು ಚಟ್ಟನೆ ಬಿಚ್ಚಿಕೊಳ್ಳುತ್ತೆ. ದಾರ ಸುಡದಿದ್ದರೆ? ಆಂಟೆನಾ ಇಲ್ಲ, ಮಾತಿಲ್ಲ. ವರ್ಷಗಳ ದುಡಿಮೆ ಮೌನವಾಗಿ ತಲೆಯ ಮೇಲೆ ಸುತ್ತುತ್ತಿರುತ್ತೆ.

ಈಗ ನಮ್ಮ ಪ್ರಶ್ನೆಗೆ ಬರೋಣ. ಅಮೆರಿಕದ ಕೊಲೊರಾಡೋ ವಿಶ್ವವಿದ್ಯಾಲಯದ ವಿದ್ಯಾರ್ಥಿಗಳು ಮೂರು ಘನಗಳ, ಶೂ ಡಬ್ಬಿಗಿಂತ ಚಿಕ್ಕ ಉಪಗ್ರಹವೊಂದನ್ನು ಕಟ್ಟಿದರು. ಹೆಸರು ಕೊಲೊರಾಡೋ ಸ್ಟೂಡೆಂಟ್ ಸ್ಪೇಸ್ ವೆದರ್ ಎಕ್ಸ್‌ಪೆರಿಮೆಂಟ್. 60ಕ್ಕೂ ಹೆಚ್ಚು ವಿದ್ಯಾರ್ಥಿಗಳು ಇದರಲ್ಲಿ ಕೈಜೋಡಿಸಿದ್ದರು. 2012ರ ಸೆಪ್ಟೆಂಬರ್‌ನಲ್ಲಿ ಅದು ಹಾರಿತು. ಕಟ್ಟಡದ ಮಾಳಿಗೆ ಮೇಲೆ ತಾವೇ ನಿಲ್ಲಿಸಿದ ಆಂಟೆನಾದಿಂದ ಎರಡು ವರ್ಷಕ್ಕೂ ಹೆಚ್ಚು ಕಾಲ ಅದರ ಜೊತೆ ಮಾತಾಡಿದರು.

ಅವರ ಎದುರಿಗಿದ್ದ ಪ್ರಶ್ನೆ ಹಳೆಯದು. ಭೂಮಿಯ ಸುತ್ತ ವ್ಯಾನ್ ಅಲೆನ್ ಪಟ್ಟಿಗಳಿವೆ ಅಂತ 1958ರಲ್ಲೇ ಗೊತ್ತಾಗಿತ್ತು. ನಮ್ಮ ಕಾಂತಕ್ಷೇತ್ರದಲ್ಲಿ ಸಿಕ್ಕಿಬಿದ್ದ ವೇಗದ ಕಣಗಳ ಪಟ್ಟಿಗಳು ಇವು. ಒಳಪಟ್ಟಿಯ ಎಲೆಕ್ಟ್ರಾನ್‌ಗಳಲ್ಲಿ ಒಂದಷ್ಟು ಎಲ್ಲಿಂದ ಬರ್ತವೆ? ಒಂದು ಊಹೆ ಹೀಗಿತ್ತು: ಕಾಸ್ಮಿಕ್ ಕಿರಣಗಳು ವಾತಾವರಣಕ್ಕೆ ಬಡಿದಾಗ ನ್ಯೂಟ್ರಾನ್‌ಗಳು ಚಿಮ್ಮುತ್ತವೆ. ಅವಕ್ಕೆ ವಿದ್ಯುದಾವೇಶ ಇಲ್ಲ, ಹಾಗಾಗಿ ಕಾಂತಕ್ಷೇತ್ರ ಅವನ್ನು ತಡೆಯೋದಿಲ್ಲ. ಆದರೆ ಒಂಟಿ ನ್ಯೂಟ್ರಾನಿನ ಸರಾಸರಿ ಆಯಸ್ಸು ಹದಿನೈದು ನಿಮಿಷದೊಳಗೆ. ಹೋಗುವ ದಾರಿಯಲ್ಲೇ ಕೆಲವು ಒಡೆದು ಪ್ರೋಟಾನ್, ಎಲೆಕ್ಟ್ರಾನ್ ಆಗ್ತವೆ. ಆವೇಶ ಬಂದ ಕೂಡಲೇ ಬಲೆಗೆ ಬಿದ್ದ ಹಾಗೆ. ಊಹೆ ಸರಿ ಅನ್ನಿಸಿದರೂ ಆ ಎಲೆಕ್ಟ್ರಾನ್‌ಗಳನ್ನು ನೇರವಾಗಿ ಅಳೆದವರಿರಲಿಲ್ಲ. ಒಳಪಟ್ಟಿಯ ಕೆಳ ಅಂಚಿನಲ್ಲಿ ಹಾದುಹೋಗುತ್ತಿದ್ದ ಈ ಪುಟ್ಟ ಉಪಗ್ರಹದ ಮಾಪಕಕ್ಕೆ ಅವು ಸಿಕ್ಕವು. ಫಲಿತಾಂಶ 2017ರಲ್ಲಿ 'ನೇಚರ್' ಪತ್ರಿಕೆಯಲ್ಲಿ ಪ್ರಕಟವಾಯಿತು.

ಜೀವವಿಜ್ಞಾನದವರಿಗೆ ಈ ದಾರಿ ಹೊಸದೇನಲ್ಲ. ನಾವು ಆನೆಯನ್ನು ಅರ್ಥ ಮಾಡಿಕೊಳ್ಳಲು ಹೊರಟರೂ ಮೊದಲು ಕೂರೋದು ಯೀಸ್ಟ್ ಮುಂದೆ, ಹಣ್ಣಿನ ನೊಣದ ಮುಂದೆ. ಪ್ರಶ್ನೆಯನ್ನು ಸರಿಯಾಗಿ ಕಿರಿದು ಮಾಡಿದರೆ ಸಣ್ಣ ಜೀವಿ ಸಾಕು. ಸಣ್ಣ ಉಪಗ್ರಹವೂ ಸಾಕು. 2006ರ ಡಿಸೆಂಬರ್‌ನಲ್ಲಿ ನಾಸಾ ಹಾರಿಸಿದ ಜೀನ್‌ಸ್ಯಾಟ್-1ರಲ್ಲಿ ಇದ್ದದ್ದು ನಮಗೆ ಪರಿಚಿತವಾದ ಇ. ಕೋಲೈ ಬ್ಯಾಕ್ಟೀರಿಯಾ. ಬೆಚ್ಚಗಿನ ಪುಟ್ಟ ಕೋಣೆಯಲ್ಲಿ ಅವು ಬೆಳೆಯುತ್ತಿದ್ದಂತೆ ಹೊಳೆಯುವ ಹಸಿರು ಪ್ರೋಟೀನನ್ನು ಸೆನ್ಸರ್‌ಗಳು ಅಳೆದವು. ಆ ಉಪಗ್ರಹವನ್ನು ನೆಲದಿಂದ ನಡೆಸಿದ್ದು ಸಾಂಟಾ ಕ್ಲಾರಾ ವಿಶ್ವವಿದ್ಯಾಲಯದ ವಿದ್ಯಾರ್ಥಿಗಳು.

ಹಾಗಂತ ಎಲ್ಲವೂ ಗೆಲ್ಲುತ್ತೆ ಅಂದುಕೊಳ್ಳಬೇಡಿ. ಮೊದಲ ಸಲ ಕಟ್ಟುವ ವಿಶ್ವವಿದ್ಯಾಲಯಗಳಲ್ಲಿ ಸೋಲು ತೀರಾ ಸಾಮಾನ್ಯ. ಸೇಂಟ್ ಲೂಯಿಸ್ ವಿಶ್ವವಿದ್ಯಾಲಯದ ಮೈಕಲ್ ಸ್ವಾರ್ಟ್‌ವೌಟ್ ವರ್ಷಗಳಿಂದ ಇದರ ಲೆಕ್ಕ ಇಟ್ಟಿದ್ದಾರೆ. ಅವರು ಒತ್ತಿ ಹೇಳುವ ಕಾರಣ, ಇಡೀ ಉಪಗ್ರಹವನ್ನು ಜೋಡಿಸಿದ ಮೇಲೆ ಸಾಕಷ್ಟು ಪರೀಕ್ಷೆ ಮಾಡದಿರೋದು. ಹಾರಿಸುವ ದಿನ ಹತ್ತಿರ ಬಂದಾಗ ಮೊದಲು ಕತ್ತರಿ ಬೀಳೋದು ಅದಕ್ಕೇ ತಾನೇ! ಬಿಡಿಭಾಗಗಳೆಲ್ಲ ಸರಿ ಇರ್ತವೆ, ಕೂಡಿದಾಗ ಜಗಳ.

ಕಾದು ಗೆದ್ದ ಕತೆಗಳೂ ಇವೆ. 2009ರ ಸೆಪ್ಟೆಂಬರ್ 23ರಂದು ಶ್ರೀಹರಿಕೋಟದಿಂದ ಹೊರಟ ಪಿಎಸ್‌ಎಲ್‌ವಿ-ಸಿ14ರಲ್ಲಿ ಓಷನ್‌ಸ್ಯಾಟ್-2 ಜೊತೆಗೆ ಬರ್ಲಿನ್, ವುರ್ಟ್ಸ್‌ಬರ್ಗ್, ಇಸ್ತಾಂಬುಲ್ ಮತ್ತು ಸ್ವಿಟ್ಜರ್ಲೆಂಡಿನ ಲೊಸಾನ್‌ನ ವಿಶ್ವವಿದ್ಯಾಲಯಗಳ ನಾಲ್ಕು ಕ್ಯೂಬ್‌ಸ್ಯಾಟ್‌ಗಳಿದ್ದವು. ಲೊಸಾನ್‌ನ ಸ್ವಿಸ್‌ಕ್ಯೂಬ್ ಕಕ್ಷೆಯಲ್ಲಿ ಬುಗುರಿಯಂತೆ ತಿರುಗತೊಡಗಿತು. ಚಿತ್ರ ತೆಗೆಯುವ ಹಾಗಿಲ್ಲ. ತಂಡ ಒಂದು ವರ್ಷಕ್ಕೂ ಹೆಚ್ಚು ಕಾಲ ತಾಳ್ಮೆಯಿಂದ ಕಾಯಿತು. ವೇಗ ನಿಧಾನಕ್ಕೆ ಇಳಿದು 2011ರಲ್ಲಿ ಕ್ಯಾಮೆರಾ ಕೆಲಸ ಮಾಡಿತು.

ನಮ್ಮೂರಿನದ್ದೂ ಒಂದಿದೆ. 2010ರ ಜುಲೈ 12ರಂದು ಪಿಎಸ್‌ಎಲ್‌ವಿ-ಸಿ15ರಲ್ಲಿ ಹಾರಿದ ಸ್ಟಡ್‌ಸ್ಯಾಟ್. ಕರ್ನಾಟಕ ಮತ್ತು ಆಂಧ್ರದ ಏಳು ಇಂಜಿನಿಯರಿಂಗ್ ಕಾಲೇಜುಗಳ ವಿದ್ಯಾರ್ಥಿಗಳು ಸೇರಿ ಕಟ್ಟಿದ್ದು, ತೂಕ 1 ಕಿಲೋಗಿಂತ ಕಡಿಮೆ. ಅದರ ಸಂಕೇತ ಹಿಡಿಯುವ ಭೂಕೇಂದ್ರ ಬೆಂಗಳೂರಿನ ಯಲಹಂಕದ ನಿಟ್ಟೆ ಮೀನಾಕ್ಷಿ ಕಾಲೇಜಿನಲ್ಲಿತ್ತು.

ಇಷ್ಟೆಲ್ಲ ನೋಡಿದ ಮೇಲೆ ನಮಗೆ ಅನ್ನಿಸೋದು ಇಷ್ಟು. ಕಲಿಕೆ ಮತ್ತು ವಿಜ್ಞಾನ ಇಲ್ಲಿ ಬೇರೆ ಬೇರೆ ಅಲ್ಲ. ಪ್ರಯೋಗಾಲಯದ ಪಾಠದಲ್ಲಿ ಉತ್ತರ ಮೊದಲೇ ಗೊತ್ತಿರುತ್ತೆ, ತಪ್ಪಾದರೆ ಮುಂದಿನ ವಾರ ಮತ್ತೆ ಮಾಡಬಹುದು. ಉಪಗ್ರಹಕ್ಕೆ ಮುಂದಿನ ವಾರ ಇಲ್ಲ. ಉತ್ತರ ಯಾರಿಗೂ ಗೊತ್ತಿಲ್ಲದ ಪ್ರಶ್ನೆ ಒಳಗಿದ್ದಾಗಲೇ ವಿದ್ಯಾರ್ಥಿ ಪ್ರತಿ ಬೆಸುಗೆಯನ್ನೂ ಎರಡೆರಡು ಸಲ ನೋಡೋದು. ಹಾಗಾಗಿ ಯಾವ ಕಾಲೇಜಾದರೂ "ನಾವೂ ಒಂದು ಹಾರಿಸಿದೆವು" ಅಂದರೆ ಚಪ್ಪಾಳೆ ತಟ್ಟಿ, ಜೊತೆಗೆ ಎರಡು ಪ್ರಶ್ನೆ ಕೇಳಿ: ಅದು ಏನನ್ನು ಹುಡುಕ್ತಿದೆ? ಪೂರ್ತಿ ಜೋಡಿಸಿದ ಮೇಲೆ ಎಷ್ಟು ದಿನ ಪರೀಕ್ಷೆ ಮಾಡಿದಿರಿ?

ಇನ್ನೊಂದು ಮಾತು. ಇಂಥ ಉಪಗ್ರಹಗಳಲ್ಲಿ ಬಹಳಷ್ಟು ಹವ್ಯಾಸಿ ರೇಡಿಯೋ ತರಂಗಾಂತರದಲ್ಲಿ ಮಾತಾಡ್ತವೆ. ಸ್ಯಾಟ್‌ನಾಗ್ಸ್ ಅನ್ನುವ ಮುಕ್ತ ಜಾಲದಲ್ಲಿ ಜಗತ್ತಿನಾದ್ಯಂತ ಸ್ವಯಂಸೇವಕರು ಅವುಗಳ ಸಂಕೇತ ಹಿಡಿದು ಹಂಚಿಕೊಳ್ತಾರೆ. ಮನೆಯಲ್ಲಿ ಕುತೂಹಲದ ಮಕ್ಕಳಿದ್ದರೆ ಒಮ್ಮೆ ಜೊತೆಗೆ ಕೂತು ಕೇಳಿ.